ಮೊದಲ ಸಾಲಿನ ಕೆಂಪು ಕುರ್ಚಿಗಳು

ಪರದೇಶದ ಸಂಸದ ಡೆಲ್ಮಾರ್ ಸಾಹೇಬರು ಕಾರಿನಿಂದಿಳಿದವರೇ ನೆಟ್ಟಗೆ ಹೋಗಿ, ಪ್ರೇತಗಳಿಗೆಂದು ಖಾಲಿ ಬಿಟ್ಟಿದ್ದ ಮೊದಲ ಸಾಲಿನ ನಟ್ಟನಡುವೆ ಕೂತುಬಿಟ್ಟರು. ಹಾಡಿನ ವೇದಿಕೆಯ ಮುಂದೆ ನೆರೆದಿದ್ದ ಊರಿಗೆ ಊರೇ ಉಸಿರು ಬಿಗಿಹಿಡಿಯಿತು.

ತೈವಾನಿನ ಆ ಕಡಲಂಚಿನ ಊರಿನಲ್ಲಿ ಚಾಂದ್ರಮಾನದ ಏಳನೆಯ ತಿಂಗಳೆಂದರೆ ದಿಕ್ಕಿಲ್ಲದೆ ಸತ್ತವರೆಲ್ಲ ನೆಲದ ಮೇಲೆ ಅಡ್ಡಾಡುವ ಕಾಲ. ಹಾಡು, ಕುಣಿತ, ಊಟ ಎಲ್ಲ ಅವರಿಗಾಗಿ. ಮುಂದಿನ ಕೆಂಪು ಕುರ್ಚಿಗಳೂ ಅವರವೇ. ಬದುಕಿದ್ದವರು ಅಲ್ಲಿ ಕೂರುವಂತಿಲ್ಲ. ಪ್ರೇತ ಎಂದು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ, 'ಒಳ್ಳೆಯಣ್ಣಂದಿರು' ಎನ್ನಬೇಕು.

"ಎಬ್ಬಿಸೇ ಅವರನ್ನ!" ಮೀನು ಸಾಕುವವರ ಸಂಘದ ಅಧ್ಯಕ್ಷೆ ಮಾನ್ಲಿ, ದುಭಾಷಿಯಾಗಿ ಬಂದಿದ್ದ ಅಣ್ಣನ ಮಗಳು ವಾನ್ರೂಳನ್ನು ತಿವಿದಳು.

"ನೀವೇ ಎಬ್ಬಿಸಿ ಅತ್ತೆ. ಅಷ್ಟು ದೂರದಲ್ಲಿ ಕೂತು ನಮ್ಮ ಪರ ಕಾನೂನು ಮಾಡ್ಸಿದೋರು. ಸತ್ತೋರ ಜಾಗ, ಏಳಿ ಅಂತ ಹೆಂಗ್ ಹೇಳ್ಲಿ?"

ಅದೂ ನಿಜವೇ. ಮೀನಿನ ರೋಗಗಳ ಮೇಲೆ ಕಣ್ಣಿಡುವ ಲೋಕಸಂಸ್ಥೆಯೊಂದರಲ್ಲಿ ತೈವಾನಿಗೆ ಕುರ್ಚಿಯಿಲ್ಲ; ಕೊಟ್ಟರೆ ಚೀನಾಕ್ಕೆ ಸಿಟ್ಟು. ಹೋದ ವರ್ಷ ರೋಗದ ಎಚ್ಚರಿಕೆ ಎಲ್ಲ ದೇಶಗಳಿಗೂ ಹೋಗಿ, ಸುತ್ತಿ ಬಳಸಿ ಈ ಊರು ಮುಟ್ಟುವಷ್ಟರಲ್ಲಿ ಮಾನ್ಲಿಯ ಕೊಳದ ಹೂಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಇವರಿಗೂ ಕುರ್ಚಿ ಸಿಗಬೇಕೆಂದು ತಮ್ಮ ದೇಶದಲ್ಲಿ ಕಾನೂನು ಪಾಸು ಮಾಡಿಸಿದವರು ಡೆಲ್ಮಾರ್. ಅಂಥವರನ್ನೇ ಕುರ್ಚಿಯಿಂದ ಎಬ್ಬಿಸುವುದೆಂದರೆ ಮಾನ್ಲಿಗೂ ಕಸಿವಿಸಿಯಾಯಿತು.

ವಾನ್ರೂ ಧೈರ್ಯ ಮಾಡಿ ಹತ್ತಿರ ಹೋದಳು. "ಸಾರ್, ಇದು ಮೀಸಲಿಟ್ಟ ಜಾಗ. ಯಾರಿಗೆ ಅಂತ ಹೆಸರು ಹೇಳೋ ಹಾಗಿಲ್ಲ."

ಡೆಲ್ಮಾರರ ಕಣ್ಣು ಒದ್ದೆಯಾಯಿತು. "ಅರ್ಥ ಆಯ್ತಮ್ಮ. ಆ ಲೋಕಸಂಸ್ಥೆಯ ಸಭೆಗಳಲ್ಲೂ ನಿಮ್ಮ ದೇಶದ ಹೆಸರು ಹೇಳೋ ಹಾಗಿಲ್ಲ. ನಿಮ್ಮ ಜೊತೆ ನಾನಿದೀನಿ ಅಂತ ತೋರಿಸೋಕೆ ಇಲ್ಲೇ ಕೂತಿರ್ತೀನಿ." ಹಾಗೆಂದು ಇನ್ನಷ್ಟು ಭದ್ರವಾಗಿ ಕೂತು, ಒಳ್ಳೆಯಣ್ಣಂದಿರ ಮುಂದಿಟ್ಟಿದ್ದ ಬಾತುಕೋಳಿಯ ತೊಡೆಯೊಂದನ್ನು ಕೈಗೆತ್ತಿಕೊಂಡರು.

ಮಾನ್ಲಿ ಗಾಬರಿಯಿಂದ ಊದುಬತ್ತಿ ಹಚ್ಚಿ ಆ ಸಾಲಿಗೆ ಬಾಗಿದಳು. "ಅಣ್ಣಂದಿರಾ, ಪರದೇಶದೋರು, ಗೊತ್ತಿಲ್ದೆ ಕೂತಿದಾರೆ. ಒಸಿ ಸರ್ಕೊಳ್ಳಿ." ಪೂಜೆ ತಮಗೇ ಎಂದುಕೊಂಡ ಡೆಲ್ಮಾರ್ ಎದ್ದು ಅವಳಿಗೂ ಬಾಗಿ, ಮತ್ತೆ ಅಲ್ಲೇ ಕೂತರು.

ಇಷ್ಟು ಖುಷಿಯಲ್ಲಿದ್ದಾಗಲೇ ಕೇಳಿಬಿಡಬೇಕು ಎನ್ನಿಸಿತು ಮಾನ್ಲಿಗೆ. "ಕೇಳೇ, ನಮಗೆ ಆ ಕುರ್ಚಿ ಯಾವಾಗ ಸಿಗತ್ತಂತೆ? ಚಳಿ ಕಳೆದ ಮೇಲೆ ಕೊಳಕ್ಕೆ ಮೀನಿನ ಮರಿ ಬಿಡ್ಬೇಕು. ಈ ಸಲಾನೂ ಸತ್ರೆ ಕೊಳ ಮುಚ್ಚೋದೇ."

ವಾನ್ರೂ ಕೇಳಿ ಬಂದು ತಲೆ ಕೆರೆದುಕೊಂಡಳು. "ಕಾನೂನಲ್ಲಿರೋದು ಬೆಂಬಲ ಮಾತ್ರ ಅಂತೆ ಅತ್ತೆ. ಕುರ್ಚಿ ಕೊಡೋದು ಅವರ ಕೈಲಿಲ್ವಂತೆ. ಆದ್ರೆ ಬೆಂಬಲ ಮಾತ್ರ ತುಂಬಾ ಗಟ್ಟಿ ಅಂತೆ."

"ಬೆಂಬಲ ತಂದು ಕೊಳಕ್ಕೆ ಸುರಿದ್ರೆ ಮೀನು ತಿನ್ನತ್ತೇನೇ?"

ಮಾನ್ಲಿ ಕೆಂಪು ಕುರ್ಚಿಗಳನ್ನೇ ನೋಡುತ್ತ ನಿಂತಳು. ಹೆಸರಿಲ್ಲ, ಊರಿಲ್ಲ, ಹೇಳುವವರು ಕೇಳುವವರಿಲ್ಲ. ಆದರೂ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ, ಮುಂದೆ ತಟ್ಟೆ ತುಂಬ ಊಟ. ಜೀವಮಾನದಲ್ಲಿ ಮೊದಲ ಬಾರಿಗೆ ಅವಳಿಗೆ ಸತ್ತವರ ಮೇಲೆ ಹೊಟ್ಟೆಕಿಚ್ಚಾಯಿತು. ದಡದಡನೆ ನಡೆದು ಡೆಲ್ಮಾರರ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಳು.

ಅಷ್ಟರಲ್ಲಿ ಹಾಡುಗಾರ್ತಿ ವೇದಿಕೆಗೆ ಬಂದು, ವಾಡಿಕೆಯಂತೆ, ಮೊದಲ ಸಾಲಿಗೆ ಭಯಭಕ್ತಿಯಿಂದ ತಲೆಬಾಗಿದಳು.

"ಅತ್ತೇ, ಏಳಿ!" ವಾನ್ರೂ ಹಿಂದಿನಿಂದ ಅಂಗಿ ಹಿಡಿದೆಳೆದಳು. "ನೀವಿನ್ನೂ ಬದುಕಿದೀರ!"

"ಅದನ್ನ ಆ ಸಂಸ್ಥೆಯೋರಿಗೆ ಹೋಗಿ ಹೇಳು," ಎಂದು ಮಾನ್ಲಿ ಬಾತುಕೋಳಿಯ ಇನ್ನೊಂದು ತೊಡೆಗೆ ಕೈಹಾಕಿದಳು.