ಗಾಜಿನ ತಟ್ಟೆಯ ಒಂದೆಲಗ

ಕ್ಯಾಬ್ ಬಂದು ಗೇಟಿನ ಮುಂದೆ ನಿಂತು ಹತ್ತು ನಿಮಿಷವಾದರೂ ಅನಂತಪದ್ಮನಾಭ ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ. ರೇಡಿಯೇಷನ್ ಬೇಡವಂತೆ. ಮಿದುಳಿನ ಗಡ್ಡೆ ತೆಗೆಸಿಕೊಂಡು ಬಂದು ಒಂದೂವರೆ ತಿಂಗಳಾಗಿಲ್ಲ, ಚಿಕಿತ್ಸೆಯ ಮೊದಲ ದಿನವೇ ಈ ಹಟ. ರೇಡಿಯೇಷನ್ ಕೊಡಿಸಿದರೆ ಒಂದೆರಡು ವರ್ಷ, ಇಲ್ಲದಿದ್ದರೆ ಕೆಲವೇ ತಿಂಗಳು ಎಂದಿದ್ದರು ಡಾಕ್ಟರು. ಜಯನಗರದ ಮಕ್ಕಳಿಗೆ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ಮನುಷ್ಯನಿಗೆ ಬುದ್ಧಿ ಹೇಳುವವರಾದರೂ ಯಾರು? ಹೆಂಡತಿ ಸೀತಮ್ಮ ಮಹಡಿ ಹತ್ತಿ, ಬಾಡಿಗೆಗಿದ್ದ ಹಂಸಾಳನ್ನು ಕರೆತಂದರು.

ಇಷ್ಟಕ್ಕೆಲ್ಲ ಮೂಲ ಅವಳೇ. ಹಂಸಾ ಲ್ಯಾಬೊಂದರಲ್ಲಿ ಸಂಶೋಧಕಿ. ಒಂದೆಲಗದಿಂದ ಬೇರ್ಪಡಿಸಿದ ಒಂದು ಅಂಶವು ಮಿದುಳಿನ ಗಡ್ಡೆಯ ಕೋಶಗಳು ಅಕ್ಕಪಕ್ಕಕ್ಕೆ ಹಬ್ಬದಂತೆ ತಡೆಯುತ್ತದೆ ಎಂದು ಅವಳ ಫೋಟೋ ಸಮೇತ ಪೇಪರಿನಲ್ಲಿ ಬಂದಿತ್ತು. ಖುಷಿ ತಾಳಲಾರದೆ ಆ ಪೇಪರಿನ ಜೊತೆ ಪೇಡವನ್ನೂ ಕೆಳಗೆ ತಂದುಕೊಟ್ಟಿದ್ದಳು. ಅಂದಿನಿಂದ ಮೇಷ್ಟ್ರಿಗೆ ಮೂರು ಹೊತ್ತೂ ಒಂದೆಲಗದ ರಸ. ಆಪರೇಷನ್ ಆದಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡರು, ಪದಬಂಧ ಬಿಡಿಸತೊಡಗಿದರು. ಅದನ್ನು ಕಂಡು ಹಂಸಾ ಬಾಯಿ ಬಿಡದೆ ಸುಮ್ಮನಿದ್ದಳು. ಸುಮ್ಮನಿರಬಾರದಿತ್ತು.

ಈಗ ಎಲ್ಲವನ್ನೂ ಹೇಳಿದಳು. ಕೋಶಗಳು ಹಬ್ಬದೆ ನಿಂತದ್ದು ಲ್ಯಾಬಿನ ಗಾಜಿನ ತಟ್ಟೆಯಲ್ಲಿ. ಇನ್ನೂ ಇಲಿಗಳಿಗೂ ಕೊಟ್ಟು ನೋಡಿಲ್ಲ. ಕುಡಿದ ರಸದಲ್ಲಿ ಆ ಅಂಶ ಎಷ್ಟಿರುತ್ತದೋ, ಮಿದುಳಿನವರೆಗೆ ಹೋಗುತ್ತದೋ ಇಲ್ಲವೋ, ಅವಳಿಗೂ ಗೊತ್ತಿಲ್ಲ. ಮೇಲಾಗಿ ಅದು ಕೋಶಗಳನ್ನು ತಡೆಯುತ್ತದೆಯೇ ಹೊರತು ಕೊಲ್ಲುವುದಿಲ್ಲ.

ಮೇಷ್ಟ್ರು ತಪ್ಪು ಉತ್ತರ ಕೇಳಿದವರಂತೆ ನಕ್ಕರು. "ನಿನ್ ಕೆಲಸದ ಮೇಲೆ ನಿಂಗೇ ನಂಬಿಕೆ ಇಲ್ವಲ್ಲಮ್ಮ."

"ಇದೆ ಸಾರ್. ಆದ್ರೆ ನಮ್ಮಪ್ಪಂಗೆ ಈ ಕಾಯಿಲೆ ಬಂದಿದ್ರೆ ರಸ ಕೊಟ್ಕೊಂಡು ಕೂರ್ತಿರ್ಲಿಲ್ಲ, ರೇಡಿಯೇಷನ್‌ಗೆ ಕರ್ಕೊಂಡು ಹೋಗ್ತಿದ್ದೆ. ಇದನ್ನ ಪೇಡ ಕೊಟ್ಟ ದಿನಾನೇ ಹೇಳ್ಬೇಕಿತ್ತು. ತಪ್ಪಾಯ್ತು." ಹಂಸಾ ತಲೆ ತಗ್ಗಿಸಿದಳು.

ಮೇಷ್ಟ್ರ ನಗು ನಿಂತಿತು. ತಲೆಯ ಮೇಲಿನ ಹೊಲಿಗೆಯ ಗುರುತನ್ನು ಬೆರಳಿಂದ ಸವರಿಕೊಂಡರು. ಅಷ್ಟರಲ್ಲಿ ಕ್ಯಾಬ್ ಡ್ರೈವರನ ಫೋನು ಬಂತು. ಇನ್ನೆರಡೇ ನಿಮಿಷ ಅಂತ ಸೀತಮ್ಮ ಅವನನ್ನು ಬೇಡಿಕೊಂಡರು.

"ಅದು ಔಷಧಿ ಅಂತ ಆಗೋಕೆ ಎಷ್ಟು ವರ್ಷ ಬೇಕು?" ಎಂದರು ಮೇಷ್ಟ್ರು.

"ಹತ್ತೋ ಹದಿನೈದೋ. ಆಗ್ದೇನೂ ಇರ್ಬಹುದು ಸಾರ್."

ಮೇಷ್ಟ್ರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು, ಚಪ್ಪಲಿ ಮೆಟ್ಟಿಕೊಂಡರು. ಹಂಸಾ ಇನ್ನೂ ತಲೆ ತಗ್ಗಿಸಿಯೇ ನಿಂತಿದ್ದಳು.

"ಅಷ್ಟೊಂದು ಕೆಲಸ ಇಟ್ಕೊಂಡು ಇಲ್ಲೇನು ಮಾಡ್ತಿದೀಯ?" ಎಂದರು. "ನಡಿ, ಲ್ಯಾಬಿಗೆ ಹೊರಡು."