ಒಲೆಯಲ್ಲಿ ಸಿಡಿಯದ ಬೀಜ

ಮತದ ಡಬ್ಬಿ ಮಗುಚಿದಾಗ ಬಿಳಿ ಅವರೆಕಾಳುಗಳ ನಡುವಿನಿಂದ ಒಂದು ಹುಣಸೆ ಬೀಜ ಉರುಳಿ ಬಂತು. ಮೇಜಿನ ಅಂಚಿನವರೆಗೆ ಬಂದು ನಿಂತಿತು.

ಇಗರ್ಜಿಯ ಸಭಾಕೋಣೆಯಲ್ಲಿ ಸಹೋದರ ಸಂಘದ ಹಿರಿಯ ಕಾರ್ಲ್ ಆ ಬೀಜವನ್ನು ಬೆರಳಿನಿಂದ ಒಳಕ್ಕೆ ತಳ್ಳಿದರು. ಬಿಳಿ ಕಾಳು ಒಪ್ಪಿಗೆ, ಕಪ್ಪು ಬೀಜ ವಿರೋಧ; ಒಂದು ಕಪ್ಪು ಬಿದ್ದರೂ ಸದಸ್ಯತ್ವವಿಲ್ಲ. ಅಜ್ಜಂದಿರ ಕಾಲದ ನಿಯಮ. ಬಾಗಿಲ ಹೊರಗೆ ಬೆಂಚಿನಲ್ಲಿ ಕೂತಿದ್ದ ಐರಿನ್ ಪಕ್ಕದಲ್ಲಿದ್ದ ಮಗ ರೋನಿಯ ಮುಖ ನೋಡಲಿಲ್ಲ. ಪರ್ಸನ್ನು ಎದೆಗೆ ಅವಚಿಕೊಂಡಳು.

ರೋನಿ ಕೇಳಿದ್ದು ದೊಡ್ಡದೇನಲ್ಲ. ಸಂಘದವರು ಸತ್ತರೆ ಸಂಘದವರೇ ಹೊರಬೇಕು. ಸ್ವಂತ ಮಗನಾದರೂ ಹೊರಗಿನವನು ಪೆಟ್ಟಿಗೆಗೆ ಭುಜ ಕೊಡುವಂತಿಲ್ಲ. ಸಂಘದ ಹಳೆಯ ಸದಸ್ಯರಾದ ಅವನ ಅಪ್ಪ ಸ್ಟ್ಯಾನಿಸ್ಲಾಸ್ ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡು ಮಲಗಿದ್ದರು. ಹೆಚ್ಚು ಕಾಲವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅಪ್ಪನನ್ನು ಹೊರಬೇಕು, ಅಷ್ಟೇ ಅವನ ಆಸೆ.

ಮನೆಯಲ್ಲಿ ಯಾರಿದ್ದಾರೆ ಎಂದು ಸಭೆ ಕೇಳುವುದು ಪದ್ಧತಿ. ಸಂಘದ ಹಬ್ಬದ ಊಟಕ್ಕೆ ಪ್ರತಿಯೊಬ್ಬ ಸಹೋದರನೂ ಮನೆಯವರನ್ನು ಕರೆತಂದು, ಊರಿನ ಎದುರು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಹಿಂದಿನ ವಾರದ ಸಭೆಯಲ್ಲಿ ರೋನಿ ಎದ್ದು ನಿಂತು, ಪರ್ಕಳದ ಮನೆಯಲ್ಲಿ ನಾನು ಮತ್ತು ಡೆನ್ವರ್, ನಾವು ಜೊತೆಯಾಗಿ ಬಾಳುವವರು ಎಂದಿದ್ದ. ಐರಿನ್ ಇಷ್ಟು ವರ್ಷ ಎಲ್ಲರ ಬಳಿ 'ರೂಮ್‌ಮೇಟ್' ಎಂದು ಹೇಳಿಕೊಂಡು ಬಂದಿದ್ದ ಡೆನ್ವರ್. ಮಗಳು ಬ್ರೆಂಡಾಗೆ ಕಾಪುವಿನಿಂದ ಸಂಬಂಧ ಬಂದಾಗಲೂ ಹಾಗೆಯೇ ಹೇಳಿದ್ದಳು.

ಮುದುಕರು ಕೆಮ್ಮಿದರು. ವಾದಿಸಿದರು. ಕೊನೆಗೆ ಕಾರ್ಲ್, "ಪೆಟ್ಟಿಗೆ ಹೊರಲಿಕ್ಕೆ ಭುಜ ಬೇಕು ಮಾರಾಯ್ರೆ. ಅವ ಮನೆಯಲ್ಲಿ ಯಾರಿಗೆ ಚಾ ಮಾಡಿ ಕೊಡ್ತಾನೆ ಅಂತ ನಮಗೆ ಎಂತಕ್ಕೆ?" ಎಂದರು. ಕೆಲವರು ನಕ್ಕರು. ನಕ್ಕ ಮೇಲೆ ವಿರೋಧ ಸಡಿಲವಾಯಿತು. ಮತ ಎಣಿಸಿದ ದಿನ ಹೊರಗೆ ಬರುವಾಗ ಒಬ್ಬೊಬ್ಬರೂ ರೋನಿಯ ಕೈ ಹಿಡಿದು, ತಾವು ಹಾಕಿದ್ದು ಬಿಳಿ ಎಂದರು. ಸುಳ್ಳು ಹೇಳುವ ಮುಖಗಳಲ್ಲ.

ಉಳಿದದ್ದು ಒಂದೇ ಮತ.

ಹಾಸಿಗೆ ಹಿಡಿದವರ ಮತ ಮನೆಯಿಂದ ಬರುತ್ತದೆ. ಆ ಬೆಳಿಗ್ಗೆ ಐರಿನ್ ಬಾಗಿಲು ಮುಚ್ಚಿ ಗಂಡನ ಮುಂದೆ ತಟ್ಟೆ ಹಿಡಿದಿದ್ದಳು. ಒಂದು ಅವರೆಕಾಳು, ಒಂದು ಹುಣಸೆ ಬೀಜ. ಆರಿಸುವಾಗ ಹೆಂಡತಿಯ ಹೊರತು ಯಾರೂ ಇರಬಾರದು. ಆರಿಸಿದ್ದು ಬಟ್ಟೆಯ ಗಂಟಿನಲ್ಲಿ ಇಗರ್ಜಿಗೆ ಹೋಗಬೇಕು, ಉಳಿದದ್ದು ಮನೆಯ ಬೆಂಕಿಗೆ ಬೀಳಬೇಕು.

ಸ್ಟ್ಯಾನಿಸ್ಲಾಸ್ ಬಲಗೈ ಎತ್ತಿದರು. ಸತ್ತೇಹೋಗಿದ್ದ ಕೈ ಅದು. ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ರೋನಿ ವಾರವಾರವೂ ಬಂದು, ತಿಕ್ಕಿ, ಮಡಿಸಿ, ಎರಡು ಬೆರಳಿಗೆ ಮತ್ತೆ ಹಿಡಿತ ಕಲಿಸಿದ್ದ. ಆ ಬೆರಳುಗಳು ತಟ್ಟೆಯ ಮೇಲೆ ತುಂಬ ಹೊತ್ತು ನಡುಗಿದವು. ಆಮೇಲೆ ಒಂದನ್ನು ಹಿಡಿದು ಐರಿನ್‌ಳ ಅಂಗೈಗೆ ಒತ್ತಿದವು, ಅವಳ ಮುಷ್ಟಿಯನ್ನು ತಾವೇ ಮುಚ್ಚಿದವು.

ಅವಳು ಬಚ್ಚಲ ಒಲೆಯ ಬಳಿಗೆ ಹೋಗಿ ಸುಮಾರು ಹೊತ್ತು ನಿಂತಳು. ಹೊರಗೆ ಬಟ್ಟೆ ಹರವುತ್ತಿದ್ದ ಬ್ರೆಂಡಾ ಕೈ ನಿಲ್ಲಿಸಿ ಕಿವಿಗೊಟ್ಟಳು. ಹುಣಸೆ ಬೀಜ ಕೆಂಡಕ್ಕೆ ಬಿದ್ದರೆ ಪಟಾರನೆ ಸಿಡಿಯುತ್ತದೆ. ಚಿಕ್ಕಂದಿನಲ್ಲಿ ಅಣ್ಣ ತಂಗಿ ಅದೇ ಒಲೆಯಲ್ಲಿ ಸುಟ್ಟು ತಿಂದವರು. ಆ ಬೆಳಿಗ್ಗೆ ಒಲೆ ಸುಮ್ಮನಿತ್ತು.

"ಶಬ್ದ ಬರಲಿಲ್ಲ ಅಣ್ಣ," ಎಂದಳು ಬ್ರೆಂಡಾ, ಮತದ ಸುದ್ದಿ ಮನೆಗೆ ಬಂದಾಗ.

ರೋನಿಗೆ ಅಷ್ಟು ಸಾಕಾಯಿತು. ಬೆಂಕಿಗೆ ಬಿದ್ದದ್ದು ಬಿಳಿ, ಗಂಟಿನಲ್ಲಿ ಹೋದದ್ದು ಕಪ್ಪು. ಡೆನ್ವರ್‌ನ ವಿಷಯ ತಿಳಿದ ವರ್ಷ ಅಪ್ಪ ಮಗನ ಜೊತೆ ಊಟಕ್ಕೇ ಕೂತಿರಲಿಲ್ಲ. ಅಡುಗೆಮನೆಗೆ ಬಂದು ಅವನು ಮೆಲ್ಲಗೆ ಕೇಳಿದ, "ಪಪ್ಪನೇ ಅಲ್ವಾ ಮಮ್ಮಿ?"

ಐರಿನ್ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು. "ಅವರು ಹಳೆ ಕಾಲದವರು, ಪುತಾ."

ಆ ಭಾನುವಾರದಿಂದ ಅವಳು ಪರಮಪ್ರಸಾದ ಸ್ವೀಕರಿಸಲು ಮುಂದೆ ಹೋಗಲಿಲ್ಲ. ಗಂಡ ಮಾಡಿದ್ದಕ್ಕೆ ಪಾಪ ಇವಳು ನಾಚುತ್ತಾಳೆ ಎಂದು ಹಿಂದಿನ ಬೆಂಚಿನ ಹೆಂಗಸರು ಮರುಗಿದರು. ಆ ಮರುಕ ಅವಳ ಬೆನ್ನಿಗೆ ಚುಚ್ಚುತ್ತಿತ್ತು.

ಮುಂದಿನ ವಾರವೂ ರೋನಿ ಬಂದ. ಎಂದಿನಂತೆ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಮಡಿಸಿದ. ತನಗೆ ಸಿಟ್ಟಿಲ್ಲ ಎಂದ. ಸ್ಟ್ಯಾನಿಸ್ಲಾಸ್ ತಲೆ ಅಲ್ಲಾಡಿಸಿದರು. ಮತ್ತೆ ಮತ್ತೆ ಅಲ್ಲಾಡಿಸಿದರು. ಅವರ ಕಣ್ಣು ಮಗನನ್ನು ಬಿಟ್ಟು ಹೆಂಡತಿಯ ಮೇಲೆ ಹೋಗಿ ಅಲ್ಲೇ ನಿಂತಿತು.

"ಇನ್ನೂ ಬೇಡ ಅಂತಲೇ ಹೇಳ್ತಾರೆ," ರೋನಿ ನಗಲು ನೋಡಿದ.

"ಸಾಕು, ದಣೀತಾರೆ," ಎಂದು ಐರಿನ್ ದಿಂಬು ಸರಿಮಾಡಿದಳು.

ಆ ತಿಂಗಳು ಮುಗಿಯುವ ಮೊದಲೇ ಸ್ಟ್ಯಾನಿಸ್ಲಾಸ್ ಹೋದರು. ಕೆಂಪು ಭುಜವಸ್ತ್ರ ತೊಟ್ಟ ಸಹೋದರರು ಪೆಟ್ಟಿಗೆ ಎತ್ತಲು ಬಗ್ಗಿದರು. ರೋನಿ ದೂರದಲ್ಲಿ, ಡೆನ್ವರ್‌ನ ಪಕ್ಕ ನಿಂತಿದ್ದ. ಕಾರ್ಲ್ ಅರ್ಧಕ್ಕೇ ನಿಂತರು. ತಮ್ಮ ಭುಜವಸ್ತ್ರ ಬಿಚ್ಚಿ, ಮಂದಿಯ ನಡುವೆ ದಾರಿ ಮಾಡಿಕೊಂಡು ಹೋಗಿ, ರೋನಿಯ ಹೆಗಲಿಗೆ ಹಾಕಿದರು.

"ಒಂದು ಕಪ್ಪಿಗೆ ನಿಯಮ ಉಂಟು. ಕಪ್ಪು ಹಾಕಿದವನೇ ಹೋದ ಮೇಲೆ ಎಂತದು ನಿಯಮ? ಬಾ, ತಲೆ ಕಡೆ ಹಿಡಿ." ಹಾಗೇ ತಿರುಗಿ ಡೆನ್ವರ್‌ಗೆ, "ನೀನು ಐರಿನ್‌ಬಾಯಿಯ ಕೈ ಹಿಡ್ಕೊ. ಮೆಟ್ಟಿಲು ಉಂಟು," ಎಂದರು.

ಊರೆಲ್ಲ ನೋಡುತ್ತಿತ್ತು. ಐರಿನ್ ಇಷ್ಟು ವರ್ಷ ಹೆದರಿದ್ದು ಇದಕ್ಕೇ. ಯಾರೂ ಪಿಸುಗುಟ್ಟಲಿಲ್ಲ. ಮುದುಕಿಯೊಬ್ಬಳು ಡೆನ್ವರ್‌ಗೆ ದಾರಿ ಬಿಟ್ಟು ಸರಿದು ನಿಂತಳು, ಅಷ್ಟೇ.

ಮಣ್ಣು ಮುಚ್ಚಿದ ಮೇಲೆ ರೋನಿ ತಾಯಿಯ ಬಳಿ ಬಂದ. ಹೆಗಲ ಮೇಲೆ ಕೆಂಪು ಬಟ್ಟೆ ಇನ್ನೂ ಇತ್ತು. "ನಾನು ಪಪ್ಪನನ್ನು ಕ್ಷಮಿಸಿದೆ ಮಮ್ಮಿ. ನೀನೂ ಕ್ಷಮಿಸಿಬಿಡು," ಎಂದ.

ಐರಿನ್ ತಲೆಯಾಡಿಸಿ, ಕರವಸ್ತ್ರಕ್ಕಾಗಿ ಪರ್ಸು ತೆರೆದಳು. ಒಳಗೆ ಜಪಮಾಲೆಯ ಪಕ್ಕದಲ್ಲಿ, ಸ್ಟ್ಯಾನಿಸ್ಲಾಸ್ ಆ ಬೆಳಿಗ್ಗೆ ಅವಳ ಅಂಗೈಗೆ ಒತ್ತಿದ್ದ ಬಿಳಿ ಅವರೆಕಾಳು ಹಾಗೇ ಇತ್ತು.