ಹೋಲಿಕೆಗೊಂದು ಯಕೃತ್ತು

"ನಿಮ್ಮ ಯಂತ್ರಕ್ಕೆ ಕಣ್ಣು ಕಾಣಲ್ಲ ಡಾಕ್ಟ್ರೇ. ಇನ್ನೊಂದ್ಸಲ ನೋಡಿ."

ಮಗಳು ನೀಲ್ಡಾ ಮಲಗಿದ್ದ ಮಂಚದ ಸರಳನ್ನು ಫೋರ್ತುನಾತಾ ಬಿಗಿಯಾಗಿ ಹಿಡಿದು ನಿಂತಿದ್ದಳು. ಡಾಕ್ಟರ್ ಸಾಲ್ಸೆದೊ ಆಗಲೇ ಎರಡು ಬಾರಿ ಸ್ಕ್ಯಾನ್ ಮಾಡಿದ್ದ.

"ಎಷ್ಟು ಸಲ ನೋಡಿದ್ರೂ ಅಷ್ಟೇ ತಾಯಿ. ನೀಲ್ಡಾಳ ಲಿವರ್ ಚೆನ್ನಾಗಿದೆ. ಹುಣ್ಣಾಗಿರೋದು ಜಠರದಲ್ಲಿ. ನಿನ್ನೆ ಕೊಳವೆ ಇಳಿಸಿ ಕಣ್ಣಾರೆ ನೋಡಿದೀನಿ. ಮಾತ್ರೆಗೇ ವಾಸಿಯಾಗ್ತದೆ."

"ಅವರಪ್ಪನಿಗೂ ಹಿಂಗೇ ಅಂದಿದ್ರು. ಬರೀ ಗ್ಯಾಸು ಅಂದ್ರು. ಲಿವರಲ್ಲಿದ್ದ ನೀರುಗುಳ್ಳೆ ಒಡೆದು ಸತ್ತ."

ಕುರಿ ಮತ್ತು ನಾಯಿಗಳ ನಡುವೆಯೇ ಬದುಕುವ ಈ ಬೆಟ್ಟದವರಲ್ಲಿ ಅಂಥ ಗುಳ್ಳೆಗಳನ್ನು ಡಾಕ್ಟರ್ ಬೇಕಾದಷ್ಟು ಕಂಡಿದ್ದ. ಆದರೆ ಈ ಹುಡುಗಿಯ ಒಡಲಲ್ಲಿ ಅದು ಇರಲಿಲ್ಲ.

ಇದೆ ಎಂದು ಫೋರ್ತುನಾತಾಳಿಗೆ ಗೊತ್ತಿತ್ತು. ಕಳೆದ ವಾರ ಅವಳೇ ಕಂಡಿದ್ದಳು. ಜೀವಂತ ಗಿನಿಯಿಲಿಯನ್ನು ರೋಗಿಯ ಮೈಗೆ ಉಜ್ಜಿದರೆ ರೋಗ ಅದರೊಳಕ್ಕೆ ಇಳಿಯುತ್ತದೆ. ಆ ಇಲಿಯನ್ನು ಕೊಯ್ದರೆ ರೋಗಿಯ ಒಡಲೇ ಕಾಣುತ್ತದೆ. ಹೆಣ್ಣಿಗೆ ಹೆಣ್ಣಿಲಿಯೇ ಆಗಬೇಕು. ತಣ್ಣಗಾದ ಇಲಿ ಏನನ್ನೂ ಹೀರದು. ಅದಕ್ಕೇ ತನ್ನ ಅಡುಗೆಮನೆಯಲ್ಲಿ ಸಾಕಿದ್ದ ಕರಿಯ ಹೆಣ್ಣು ಗಿನಿಯಿಲಿಯೊಂದನ್ನು ರವಿಕೆಯೊಳಗೆ, ಬರಿಮೈಗೆ ಅಪ್ಪಿಸಿಕೊಂಡು, ಹಿಮದ ಕಣಿವೆ ದಾಟುವ ಬಸ್ಸಿನಲ್ಲಿ ಮಗಳೊಡನೆ ಹಗಲೆಲ್ಲ ಪ್ರಯಾಣ ಮಾಡಿದ್ದಳು. ಮಂತ್ರಗಾತಿ ಎರ್ಮೆಲಿಂದಾ ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಅದನ್ನು ನೀಲ್ಡಾಳ ನೆತ್ತಿಯಿಂದ ಪಾದದವರೆಗೆ ಉಜ್ಜಿದಳು. ಕೊಯ್ದಳು. ಇಲಿಯ ಯಕೃತ್ತಿನ ಮೇಲೆ ಬೆಳ್ಳಗಿನ ಗುಳ್ಳೆಯೊಂದು ಉಬ್ಬಿ ನಿಂತಿತ್ತು.

"ಬೇಗ ಕತ್ತರಿಸಿ ತೆಗೆಸು," ಎಂದಷ್ಟೇ ಹೇಳಿದ್ದಳು ಎರ್ಮೆಲಿಂದಾ.

"ಕೊಯ್ದು ತೆಗೀರಿ ಡಾಕ್ಟ್ರೇ," ಫೋರ್ತುನಾತಾ ಕೈಮುಗಿದಳು. "ನಿಮ್ಮ ಕಾಲು ಹಿಡೀತೀನಿ. ಇರೋದು ಇವಳೊಬ್ಬಳೇ."

"ಚೆನ್ನಾಗಿರೋ ಲಿವರನ್ನ ಹೇಗೆ ಕೊಯ್ಯಲಿ?"

"ಅವ್ವಾ, ಸಾಕು ಬಿಡೇ," ನೀಲ್ಡಾ ಗೊಣಗಿದಳು. "ನಿನ್ನ ಬೈಗುಳ ಕೇಳಿ ಆ ಯಂತ್ರಕ್ಕೇ ಹೊಟ್ಟೆನೋವು ಬಂದೀತು."

ಫೋರ್ತುನಾತಾ ನಗಲಿಲ್ಲ. ಟೋಪಿ ತೆಗೆದು ಕುರ್ಚಿಯ ಮೇಲಿಟ್ಟಳು.

"ಏಳೇ. ನಾನು ಮಲಗ್ತೀನಿ. ಡಾಕ್ಟ್ರೇ, ಹೇಸರಗತ್ತೆ ಥರ ಗಟ್ಟಿಯಾಗಿದೀನಿ ನಾನು. ನನ್ನ ಲಿವರ್ ನೋಡಿ. ಅದರ ಪಕ್ಕಕ್ಕೆ ಇವಳದಿಡಿ. ಎರಡೂ ಒಂದೇ ಥರ ಇದ್ರೆ ಬಾಯಿ ಮುಚ್ಕೊಂಡು ಮಾತ್ರೆ ಇಸ್ಕೊಂಡು ಹೋಗ್ತೀನಿ."

ಹೊರಗೆ ಸಾಲು ಬೆಳೆಯುತ್ತಿತ್ತು. ವಾದಕ್ಕಿಂತ ಇದೇ ಬೇಗ ಮುಗಿದೀತೆಂದು ಡಾಕ್ಟರ್ ಒಪ್ಪಿದ. ಅವಳ ಹೊಟ್ಟೆಗೆ ತಣ್ಣನೆಯ ಲೇಪ ಸವರಿ, ಮುಗುಳುನಗುತ್ತಲೇ ಉಪಕರಣವನ್ನು ಬಲಪಕ್ಕೆಯ ಕೆಳಗೆ ಒತ್ತಿದ.

ಕೈ ಅಲ್ಲೇ ನಿಂತಿತು. ತುಸು ಓರೆಯಾಯಿತು. ಮತ್ತೆ ಅಲ್ಲಿಗೇ ಬಂತು.

"ಇಲ್ಲಿ ನೋವಿದೆಯಾ?"

"ಹೊರೆ ಹೊರೋರಿಗೆ ಎಲ್ಲಿ ನೋವಿಲ್ಲ? ನನ್ನ ಮಾತು ಹಾಗಿರಲಿ. ಎರಡೂ ಒಂದೇ ಥರ ಇದೆಯಾ, ಹೇಳಿ."

ಡಾಕ್ಟರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮುಗುಳುನಗೆ ಯಾವಾಗಲೋ ಆರಿತ್ತು.

"ಇಲ್ಲ," ಎಂದ. "ಬೇರೆ ಬೇರೆ ಥರ ಇದೆ."

ಫೋರ್ತುನಾತಾ ಮಗಳ ಕೈಗಾಗಿ ತಡಕಾಡಿ, ಸಿಕ್ಕ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಕಂಡಿತಲ್ಲ! ಬಡ್ಕೊಂಡೆ, ಯಾರೂ ಕೇಳಲಿಲ್ಲ! ಈಗಲಾದ್ರೂ ಕೊಯ್ಯಿರಿ ಡಾಕ್ಟ್ರೇ, ಒಡೆಯೋಕೆ ಮುಂಚೆ ಕೊಯ್ಯಿರಿ!"

"ಕೊಯ್ಯಲೇಬೇಕು ತಾಯಿ," ಎಂದ ಡಾಕ್ಟರ್, ಏಳಲು ಹವಣಿಸಿದ ಅವಳ ಭುಜವನ್ನು ಮೆಲ್ಲನೆ ಮತ್ತೆ ದಿಂಬಿಗೆ ಒರಗಿಸುತ್ತ. "ಆದರೆ ಮಗಳನ್ನಲ್ಲ."